ಪುಣೆಯ ಹಿತ್ತಲಿಗೆ ಮೊದಲ ಐದು ಕೋಳಿ: ಯಾವ ತಳಿ ಬೇಕು, ಯಾವುದು ಬೇಡ

ಮೊಟ್ಟೆಗಾಗಿ ಮೊದಲ ಸಲ ಕೋಳಿ ಸಾಕುವವರು ಐದು ಗ್ರಾಮಪ್ರಿಯ ಹೇಂಟೆ ತಗೊಳ್ಳಿ. ಎಂಟು ವಾರ ದಾಟಿರಬೇಕು, ಲಸಿಕೆ ಆಗಿರಬೇಕು, ಹುಂಜ ಬೇಡ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಪುಣೆಯಲ್ಲಿ ಮಾರುವವರು ಹೇಳುವ ಹೆಸರೇ ಬೇರೆ, ಪಂಜರದಲ್ಲಿ ಕೂತಿರುವ ಕೋಳಿಯೇ ಬೇರೆ ಆಗಿರುವುದುಂಟು. ವಾಘೋಲಿ, ಲೋಣಿ, ತಳೇಗಾಂವ್ ಕಡೆ ಸ್ವಲ್ಪ ಜಾಗ ಬಿಟ್ಟು ಮನೆ ಕಟ್ಟಿಕೊಂಡ ನಮ್ಮ ವಿಜಯಪುರ, ಕಲಬುರಗಿ ಕಡೆಯವರು ಊರಿನ ಜವಾರಿ ಕೋಳಿಯ ನೆನಪಲ್ಲಿ ಕೈಹಾಕಿ, ವರ್ಷವಾದರೂ ಅಂಗಡಿಯಿಂದಲೇ ಮೊಟ್ಟೆ ತರುತ್ತಿರುತ್ತಾರೆ. ಹಾಗಾಗಿ ಒಂದೊಂದೇ ತಳಿ ನೋಡೋಣ.

ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಕೊಡುಗೆ. ಹಿತ್ತಲಲ್ಲಿ ಕೆದರಿ ತಿಂದು, ಮೇಲೊಂದಿಷ್ಟು ಕಾಳು ಸಿಕ್ಕರೆ ವರ್ಷಕ್ಕೆ 160ರಿಂದ 180 ಮೊಟ್ಟೆ ಇಡುತ್ತದೆ. ಐದು ಹೇಂಟೆಯಿದ್ದರೆ ದಿನಕ್ಕೆ ಸರಾಸರಿ ಎರಡು ಮೊಟ್ಟೆಗೆ ಮೋಸವಿಲ್ಲ. ಐದೂವರೆ ತಿಂಗಳ ಹೊತ್ತಿಗೆ ಮೊದಲ ಮೊಟ್ಟೆ. ಬಣ್ಣ ಕಂದು, ಗಾತ್ರ ಅಂಗಡಿಯ ಬಿಳಿ ಮೊಟ್ಟೆಯಷ್ಟೇ. ಮೈ ಹಗುರ, ಕಾಲು ಉದ್ದ. ಬೀದಿನಾಯಿ ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ, ಹಾಗೆಯೇ ಪಕ್ಕದ ಮನೆಯ ಮೆಂತ್ಯದ ಮಡಿಗೂ ಹಾರುತ್ತದೆ. ಬೇಲಿ ಆರು ಅಡಿ ಇರಲಿ, ಇಲ್ಲವೇ ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿ; ಎರಡೂ ಕಡೆ ಕತ್ತರಿಸಿದರೆ ಸಮತೋಲ ತಪ್ಪದೆ ಹಾರಿಬಿಡುತ್ತದೆ. ಕೊರತೆಯೂ ಇದೆ. ಸಾರಿಗೆ ಹಾಕುವಷ್ಟು ಮಾಂಸ ಬೇಗ ತುಂಬುವುದಿಲ್ಲ. ಕಾವಿಗೆ ಕೂಡುವುದು ಅಪರೂಪ. ಇದು ಮಿಶ್ರತಳಿಯಾದ್ದರಿಂದ, ಇದರ ಮೊಟ್ಟೆಯಿಂದಲೇ ಮರಿ ಮಾಡಿಸಿದರೆ ಆ ಮರಿಗಳು ತಾಯಿಯಷ್ಟು ಇಡುವುದಿಲ್ಲ. ಪ್ರತಿ ಸಲ ಹೊಸ ಮರಿಯನ್ನೇ ತರಬೇಕು.

ಅದೇ ಸಂಸ್ಥೆಯ ವನರಾಜ ನೋಡಲು ಚೆಂದ, ಮೈತುಂಬಿದ ಕೋಳಿ. ಮಾರುವವರು ಅದನ್ನೇ ಮುಂದೆ ಮಾಡುತ್ತಾರೆ. ಹಿತ್ತಲಲ್ಲಿ ವರ್ಷಕ್ಕೆ 100ರಿಂದ 110 ಮೊಟ್ಟೆ. ಹುಂಜಗಳನ್ನು ಮೂರು ತಿಂಗಳಿಗೆ ಕೊಯ್ಯುವ ಉದ್ದೇಶವಿದ್ದರೆ ಇದು ಸರಿ. ನಮ್ಮವರಿಗೆಲ್ಲ ಗೊತ್ತಿರುವ ಗಿರಿರಾಜವೂ ಇದೇ ಸಾಲಿನದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಟ್ಟ ತಳಿ, ಮೊಟ್ಟೆ 130ರಿಂದ 150. ಈ ಎರಡರಲ್ಲೂ ಹೊಸಬರು ಮಾಡುವ ತಪ್ಪು ಒಂದೇ: ಹೊಟ್ಟೆ ಬಿರಿಯ ತಿನ್ನಿಸುವುದು. ಆರು ವಾರದ ನಂತರ ತೂಕ ಹಿಡಿತದಲ್ಲಿಡದಿದ್ದರೆ ಹೇಂಟೆಯ ಹೊಟ್ಟೆಯೊಳಗೆ ಕೊಬ್ಬು ಕಟ್ಟುತ್ತದೆ, ಮೊಟ್ಟೆ ತಡವಾಗುತ್ತದೆ, ಇಟ್ಟರೂ ಬೇಗ ನಿಲ್ಲುತ್ತದೆ. ಕಾಳು ಕಡಿಮೆ ಮಾಡಿ ಮೇಯಲು ಬಿಡುವ ಜಾಗ ಇಲ್ಲದವರಿಗೆ ಇವು ಹೊಂದುವುದಿಲ್ಲ. ಭಾರದ ಮೈ, ನಾಯಿಗೂ ಮುಂಗುಸಿಗೂ ಸುಲಭದ ತುತ್ತು. ಪುಣೆಯ ಏಪ್ರಿಲ್ ಬಿಸಿಲಲ್ಲಿ ಬಾಯಿ ತೆರೆದು ಏದುಸಿರು ಬಿಡುವುದೂ ಇವೇ ಮೊದಲು. ಬೆಂಗಳೂರಿನ ಸ್ವರ್ಣಧಾರಾ ಸಿಕ್ಕರೆ ಗಿರಿರಾಜಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ಆದರೆ ಇಲ್ಲಿ ಸಿಗುವುದು ಕಷ್ಟ.

ಇನ್ನು ಜವಾರಿ ಕೋಳಿ, ಇಲ್ಲಿನವರ ಬಾಯಲ್ಲಿ ಗಾವರಾನ್. ರುಚಿಯ ಬಗ್ಗೆ ತಕರಾರಿಲ್ಲ. ತಾನೇ ಕಾವು ಕೂತು 21 ದಿನಕ್ಕೆ ಮರಿ ಮಾಡಿ, ಗಿಡುಗ ಬಂದರೆ ರೆಕ್ಕೆಯಡಿ ಮುಚ್ಚಿಕೊಂಡು ಬೆಳೆಸುವ ಕೋಳಿ ಇದು. ಮೊಟ್ಟೆ ಮಾತ್ರ ವರ್ಷಕ್ಕೆ 50ರಿಂದ 70. ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂತರೆ ಮತ್ತೆ ಇಡಲು ತಿಂಗಳುಗಳೇ ಬೇಕು. ಮರಿ ಮಾಡಿಸುವ ಆಸೆಯಿದ್ದರೆ ಒಂದು ಜವಾರಿ ಹೇಂಟೆ ಇಟ್ಟುಕೊಳ್ಳಿ, ಸಾಕು.

ಆದರೆ ಸಂತೆಯಲ್ಲಿ ಗಾವರಾನ್ ಎಂದು ಕೈಗೆ ಬರುವುದು ಎಷ್ಟೋ ಸಲ ಮೊಟ್ಟೆಗೆಂದೇ ಪಂಜರದಲ್ಲಿ ಕೋಳಿ ಸಾಕುವ ಲೇಯರ್ ಫಾರ್ಮ್‌ನಿಂದ ಹೊರಹಾಕಿದ ಮುದಿ ಕಂದು ಕೋಳಿ. ಕೈಗೆತ್ತಿಕೊಂಡು ನೋಡಿದರೆ ತಿಳಿಯುತ್ತದೆ. ಮೇಲ್ಕೊಕ್ಕಿನ ತುದಿ ಸುಟ್ಟು ಮೊಂಡಾಗಿರುತ್ತದೆ. ಕತ್ತಿನ ಮುಂಭಾಗದ ಗರಿ ಪಂಜರದ ಸರಳಿಗೆ ಉಜ್ಜಿ ಉದುರಿರುತ್ತದೆ. ನೆಲ ಕೆದರದ ಕಾಲಾದ್ದರಿಂದ ಉಗುರು ಉದ್ದ ಬೆಳೆದು ಬಾಗಿರುತ್ತದೆ. ಜವಾರಿ ಕೋಳಿಯ ಉಗುರು ಸವೆದು ಗಿಡ್ಡಗಿರುತ್ತದೆ, ಕೊಕ್ಕು ಚೂಪು, ಮುಟ್ಟಲು ಹೋದರೆ ಕೈಗೆ ಸಿಗುವುದೇ ಇಲ್ಲ. ನೀವು ಬಗ್ಗಿದ ತಕ್ಷಣ ನೆಲಕ್ಕೆ ಕುಸಿದು ಕೂರುವ ಗಾವರಾನ್ ಕೋಳಿಯನ್ನು ಬಿಟ್ಟು ಬನ್ನಿ.

ಆ ಕಂದು ಕೋಳಿ ಹೆಚ್ಚಾಗಿ ಬಿವಿ-380. ಪುಣೆಯಲ್ಲೇ ಮುಖ್ಯ ಕಚೇರಿಯಿರುವ ವೆಂಕಟೇಶ್ವರ ಹ್ಯಾಚರೀಸ್‌ನ ತಳಿ. ಎಳೆಯದಾಗಿ ಕೊಂಡರೆ ಇದು ಕೆಟ್ಟ ಆಯ್ಕೆಯೇನಲ್ಲ. ಮೊಟ್ಟೆಯ ಲೆಕ್ಕದಲ್ಲಿ ಮೇಲಿನ ಯಾವುದೂ ಇದರ ಹತ್ತಿರ ಬರುವುದಿಲ್ಲ, ಹೆಚ್ಚುಕಡಿಮೆ ದಿನಕ್ಕೊಂದು. ಆದರೆ ಅದಕ್ಕೆ ದಿನಕ್ಕೆ 110 ಗ್ರಾಂ ಲೇಯರ್ ಆಹಾರ ತಪ್ಪದೆ ಬೇಕು. ಅಡುಗೆಮನೆಯ ಉಳಿಕೆ, ಹುಲ್ಲು, ಹುಳದ ಮೇಲೆ ಬದುಕುವ ಕೋಳಿಯಲ್ಲ. ಕೊಕ್ಕು ಕತ್ತರಿಸಿದ್ದರೆ ನೆಲದ ಸಣ್ಣ ಕಾಳನ್ನೂ ಸರಿಯಾಗಿ ಹೆಕ್ಕಲಾರದು. ಹಿತ್ತಲು ಚಿಕ್ಕದು, ಕೋಳಿ ಗೂಡಲ್ಲೇ ಇರಲಿ, ಆಹಾರ ಕೊಂಡು ಹಾಕುತ್ತೇನೆ ಎನ್ನುವವರಿಗೆ ಮಾತ್ರ ಇದು ಸರಿ.

ಮೈಯೆಲ್ಲ ಕಪ್ಪಾದ ಕಡಕನಾಥ್ ವಿಚಾರಕ್ಕೆ ಬಂದರೆ ನಮ್ಮ ಅಭಿಪ್ರಾಯ ಖಡಾಖಂಡಿತ: ಮೊದಲ ಸಲಕ್ಕೆ ಬೇಡ. ಮಧ್ಯಪ್ರದೇಶದ ಝಾಬುವಾದ ಈ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು, ಆಮೇಲೆ ಮರಿಯ ಬೆಲೆ ಕೇಳಬೇಡಿ. 2019ರಲ್ಲಿ ಸಾಂಗ್ಲಿ ಜಿಲ್ಲೆಯಲ್ಲಿ ಇದರ ಹೆಸರಲ್ಲೇ ದೊಡ್ಡ ಹೂಡಿಕೆ ವಂಚನೆ ಬಯಲಾಯಿತು. ಹುಂಜ ಒಂದೂವರೆ ಕಿಲೊ, ಹೇಂಟೆ ಒಂದು ಕಿಲೊ ಮುಟ್ಟಲು ತಿಂಗಳುಗಟ್ಟಲೆ ಕಾಯಬೇಕು. ಮೊಟ್ಟೆ ವರ್ಷಕ್ಕೆ ನೂರರ ಆಸುಪಾಸು, ಶುರುವಾಗುವುದೂ ತಡ. ಕಪ್ಪು ಮೊಟ್ಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮೊಟ್ಟೆ ತಿಳಿಗಂದು. ಅಸಲಿಯನ್ನು ನೋಡಬೇಕೆಂದರೆ ಬಾಯಿ ಬಿಡಿಸಿ: ನಾಲಿಗೆ, ಅಂಗುಳ ಕಪ್ಪಾಗಿರಬೇಕು. ಎದೆಯ ಗರಿ ಸರಿಸಿದರೆ ಚರ್ಮವೂ ಕಪ್ಪಾಗಿಯೇ ಕಾಣಬೇಕು. ಗರಿ ಮಾತ್ರ ಕಪ್ಪಿದ್ದು ಜುಟ್ಟು ಕೆಂಪಗಿದ್ದರೆ ಅದು ಬೆರಕೆ. ಅಸೀಲ್ ಬಗ್ಗೆ ಎರಡು ಮಾತು ಸಾಕು: ಕಾದಾಟದ ಕೋಳಿ, ಮೊಟ್ಟೆ ಕಡಿಮೆ, ಜೊತೆಯವನ್ನು ಬದುಕಗೊಡುವುದಿಲ್ಲ.

ಎಲ್ಲದರಲ್ಲೂ ಒಂದೊಂದು ಇರಲಿ ಎನ್ನುವ ಆಸೆ ಮೊದಲ ವರ್ಷ ಬೇಡ. ಗಿರಿರಾಜಕ್ಕೆ ಕಾಳು ಕಡಿಮೆ ಮಾಡಬೇಕು, ಬಿವಿ-380ಗೆ ಮಾಡಬಾರದು. ಒಂದೇ ತಟ್ಟೆಯಲ್ಲಿ ಇದು ಆಗದ ಕೆಲಸ. ಬೇರೆ ಬೇರೆ ಕಡೆಯಿಂದ ತಂದರೆ ನೆಗಡಿ, ಹೇನು, ರಕ್ತಭೇದಿ ಎಲ್ಲವೂ ಜೊತೆಗೇ ಬರುತ್ತವೆ. ಒಂದೇ ತಳಿ, ಒಂದೇ ವಯಸ್ಸು, ಒಂದೇ ಕಡೆಯಿಂದ.

ಖರೀದಿಗೆ ಪುಣೆಯಲ್ಲಿ ಮೊದಲು ವಿಚಾರಿಸಬೇಕಾದ ಜಾಗ ಖಡಕಿಯ ಸರ್ಕಾರಿ ‘ಮಧ್ಯವರ್ತಿ ಅಂಡಿ ಉಬವಣಿ ಕೇಂದ್ರ’, ಅಂದರೆ ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರೀಯ ಹ್ಯಾಚರಿ. ಮುಂಬೈನವರಿಗೆ ಗೋರೆಗಾಂವ್‌ನ ಆರೇ ಕಾಲೊನಿಯಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ. ಯಾವ ತಳಿ ಯಾವಾಗ ಸಿಗುತ್ತದೆ ಎಂಬುದು ಬದಲಾಗುತ್ತಿರುತ್ತದೆ, ಮುಂಗಡ ಹೇಳಿಡಬೇಕು. ಇಲ್ಲಿನ ದೊಡ್ಡ ತೊಡಕೆಂದರೆ ಒಂದು ದಿನದ ಮರಿಗಳನ್ನು ಗಂಡು ಹೆಣ್ಣು ಬೇರ್ಪಡಿಸದೆ ಕೊಡುವುದು. ಹತ್ತು ಮರಿ ತಂದರೆ ಹೆಚ್ಚುಕಡಿಮೆ ಅರ್ಧ ಹುಂಜ. ಮೊಟ್ಟೆಗೆ ಹುಂಜ ಬೇಕಾಗಿಯೇ ಇಲ್ಲ, ಮರಿ ಮಾಡಿಸಲಿಕ್ಕೆ ಮಾತ್ರ ಬೇಕು. ಬೆಳಗಿನ ನಾಲ್ಕಕ್ಕೇ ಕೂಗಲು ಶುರುಮಾಡಿದರೆ ಸೊಸೈಟಿಯ ಸೆಕ್ರೆಟರಿ ಆರಕ್ಕೆ ಬಾಗಿಲಲ್ಲಿರುತ್ತಾರೆ. ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳಂತೂ ಲೇಯರ್ ಹ್ಯಾಚರಿಯವರು ಬೇಡವೆಂದು ಬಿಟ್ಟ ಗಂಡುಮರಿಗಳು. ಮಗು ಎಷ್ಟೇ ಹಠ ಮಾಡಲಿ, ಮುಂದೆ ನಡೆಯಿರಿ.

ಎಂಟು ವಾರದ್ದು ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಲಸಿಕೆ. ಮೊದಲ ದಿನ ಮಾರೆಕ್ಸ್, ಐದರಿಂದ ಏಳನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಕಣ್ಣಿನ ಹನಿ, 14ನೇ ದಿನ ಗುಂಬೋರೊ, 28ನೇ ದಿನ ಮತ್ತೆ ಲಸೋಟಾ, ಆರೇಳು ವಾರಕ್ಕೆ ಸಿಡುಬಿನದು. ಲಸೋಟಾ ಶೀಶೆಯಲ್ಲಿ ನೂರಾರು ಕೋಳಿಗಾಗುವಷ್ಟು ಡೋಸ್ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮನೆವರೆಗೂ ಐಸ್‌ನಲ್ಲೇ ತರಬೇಕು. ಐದು ಮರಿಗೆ ಈ ಪಾಡು ಯಾಕೆ? ಸಾಕಿ ಮಾರುವವರು ಇದನ್ನೆಲ್ಲ ಮುಗಿಸಿರುತ್ತಾರೆ. ಯಾವ ತಾರೀಖಿಗೆ ಯಾವುದು ಎಂದು ಬರೆಸಿಕೊಳ್ಳಿ. ಎಂಟರಿಂದ ಹತ್ತು ವಾರದ ನಡುವೆ ಕೊಕ್ಕರೆ ರೋಗಕ್ಕೇ ಹಾಕುವ ಆರ್‌2ಬಿ ಚುಚ್ಚುಮದ್ದು ಮಾತ್ರ ನಿಮ್ಮ ಪಾಲಿಗೆ ಉಳಿಯಬಹುದು, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಈ ವಯಸ್ಸಿಗೆ ಹುಂಜವೂ ಗುರುತಾಗುತ್ತದೆ: ಜುಟ್ಟು ಆಗಲೇ ದೊಡ್ಡದಾಗಿ ಕೆಂಪೇರಿರುತ್ತದೆ, ಕಾಲು ದಪ್ಪ. ಬಾಲದ ಕೆಳಗಿನ ಗರಿಗೆ ಹಿಕ್ಕೆ ಅಂಟಿದ್ದರೆ, ಮೂಗಲ್ಲಿ ನೊರೆಯಿದ್ದರೆ, ಕಿವಿ ಹತ್ತಿರ ಹಿಡಿದಾಗ ಉಸಿರಲ್ಲಿ ಗೊರಗೊರ ಕೇಳಿದರೆ ಆ ಒಂದನ್ನಲ್ಲ, ಆ ಇಡೀ ಗುಂಪನ್ನೇ ಬಿಡಿ.

ಗೂಡಿಗೆ ಕೋಳಿಯೊಂದಕ್ಕೆ ಎರಡು ಚದರ ಅಡಿ, ಹೊರಗೆ ಓಡಾಡಲು ಹತ್ತು ಚದರ ಅಡಿ ಇದ್ದರೆ ಐದು ಗ್ರಾಮಪ್ರಿಯ ಆರಾಮಾಗಿರುತ್ತವೆ. ಮೊಟ್ಟೆ ಇಡಲು ಒಂದಡಿ ಚೌಕದ ಒಂದೇ ಪೆಟ್ಟಿಗೆ ಸಾಕು. ಆಹಾರದಲ್ಲಿ ಎಚ್ಚರ ಬೇಕಾದದ್ದು ಇಷ್ಟು: ಬೇಗ ಮೊಟ್ಟೆ ಬರಲೆಂದು ಮೂರು ತಿಂಗಳಿಗೇ ಲೇಯರ್ ಆಹಾರ ಹಾಕಬೇಡಿ. ಅದರಲ್ಲಿರುವ ಸುಣ್ಣದ ಅಂಶ ಎಳೆ ಕೋಳಿಯ ಮೂತ್ರಪಿಂಡ ಕೆಡಿಸುತ್ತದೆ. ಮೊದಲ ಮೊಟ್ಟೆ ಹತ್ತಿರ ಬರುವವರೆಗೆ ಗ್ರೋವರ್ (ಬೆಳೆಯುವ ಕೋಳಿಯ ಆಹಾರ), ಆಮೇಲೆ ಲೇಯರ್. ಮೇಯುವ ಜಾಗ ಚೆನ್ನಾಗಿದ್ದರೆ ದಿನಕ್ಕೆ ಕೋಳಿಯೊಂದಕ್ಕೆ 50ರಿಂದ 60 ಗ್ರಾಂ, ಇಲ್ಲದಿದ್ದರೆ ನೂರರ ಮೇಲೆ. ಉಳಿದ ಜೋಳದ ರೊಟ್ಟಿ ನೆನೆಸಿ ಹಾಕಬಹುದು. ಉಪ್ಪು ಖಾರದ ಪಲ್ಯ, ಉಪ್ಪಿನಕಾಯಿ ಬೇಡ. 50 ಕಿಲೊ ಚೀಲ ಅಗ್ಗವೆಂದು ಜೂನ್‌ನಲ್ಲಿ ತಂದಿಟ್ಟರೆ ಮಳೆಯ ತೇವಕ್ಕೆ ಬೂಸ್ಟು ಹಿಡಿದು ವಿಷವಾಗುತ್ತದೆ. ತಿಂಗಳಿಗೆ ಬೇಕಾದಷ್ಟೇ ಬಿಡಿಯಾಗಿ ಕೊಳ್ಳಿ.

ತರುವುದಕ್ಕೆ ಒಳ್ಳೆಯ ತಿಂಗಳು ಅಕ್ಟೋಬರ್. ಮಳೆ ಮುಗಿದು ನೆಲ ಒಣಗಿರುತ್ತದೆ, ಚಳಿ ಏರುವಷ್ಟರಲ್ಲಿ ಹೇಂಟೆಗಳು ಬಲಿತಿರುತ್ತವೆ, ಸಂಕ್ರಾಂತಿ ಕಳೆದು ಹಗಲು ಉದ್ದವಾಗುವ ಹೊತ್ತಿಗೆ ಮೊಟ್ಟೆ ಶುರು. ಜೂನ್ ಜುಲೈನಲ್ಲಿ ತಂದವರ ಎಳೆ ಕೋಳಿಗಳು ಒದ್ದೆ ನೆಲದಲ್ಲಿ ರಕ್ತಭೇದಿಗೆ ಸಿಕ್ಕಿಬೀಳುವುದೇ ಹೆಚ್ಚು. ಆ ತಿಂಗಳಲ್ಲಿ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ, ಗೂಡಿಗೆ ಹಾಸಲು ಒಣ ಭತ್ತದ ಹೊಟ್ಟು ಕೈಯಲ್ಲಿದ್ದರೆ ಮಾತ್ರ ಹೂಂ ಅನ್ನಿ.