ಶಾಲೆಯ ಗಾಳಿ ಪರೀಕ್ಷೆಯ ಹೆಸರಿನಲ್ಲಿ ನಾನು ಮೋಸಹೋದ ಬಗೆ

ಆಗುಂಬೆಗೆ ಹತ್ತಿರದ ಅನುದಾನಿತ ಪ್ರೌಢಶಾಲೆಯೊಂದರ ಆಡಳಿತ ಮಂಡಳಿಗೆ ನಾನು ಕಾರ್ಯದರ್ಶಿ. ಶಾಲೆಯ ಹೆಸರು ಹೇಳಿ ಅದರ ಮಾನ ಕಳೆಯಲಾರೆ. ನನ್ನದಂತೂ ಆಗಲೇ ಹೋಗಿದೆ. ಕಳೆದ ಆಷಾಢದಲ್ಲಿ ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಮುಗ್ಗಲು ವಾಸನೆ ತಡೆಯಲಾರದಷ್ಟು ಹೆಚ್ಚಾಗಿ, ನಾಲ್ಕೈದು ಮಕ್ಕಳಿಗೆ ಕೆಮ್ಮು ಬಿಡದೆ, ಆಸ್ತಮಾ ಇದ್ದ ಹುಡುಗಿಯೊಬ್ಬಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಾಗ, ಪೋಷಕರು ಗಾಳಿ ಪರೀಕ್ಷೆ ಮಾಡಿಸಲೇಬೇಕೆಂದು ಪಟ್ಟು ಹಿಡಿದರು. ಬೆಂಗಳೂರಿನ ಸಂಸ್ಥೆಯೊಂದಕ್ಕೆ 28,000 ರೂಪಾಯಿ ಕೊಟ್ಟೆವು. ಪೂರ್ತಿ ಹಣ, ಅದೂ ಮುಂಗಡವಾಗಿ.

ಬಂದವರು ಇಬ್ಬರು, ಬಂದದ್ದು ಭಾನುವಾರ. ಮಕ್ಕಳಿರಲಿಲ್ಲ, ಕಿಟಕಿಗಳೆಲ್ಲ ತೆರೆದಿದ್ದವು. ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಹತ್ತು ನಿಮಿಷದಲ್ಲಿ ಹಸಿರು ದೀಪ ಹೊತ್ತಿತು. "ನೋಡಿ ಸಾರ್, ಗುಡ್ ಅಂತ ತೋರಿಸ್ತಿದೆ" ಎಂದರು. ನಾನು ಆ ಹಸಿರು ದೀಪದ ಫೋಟೊ ತೆಗೆದು, "ನಮ್ಮ ಶಾಲೆಯ ಗಾಳಿ ಶುದ್ಧವಾಗಿದೆ" ಎಂದು ಬರೆದು, ಪೋಷಕರ ಗುಂಪಿಗೆ ಹಾಕಿದೆ. ನಾನೇ ಹಾಕಿದೆ, ಯಾರೂ ಹೇಳಿರಲಿಲ್ಲ.

ಎರಡು ವಾರದ ಮೇಲೆ ಜವಾನ ಬೀರು ಸರಿಸಿದಾಗ ಹಿಂದಿನ ಗೋಡೆಯಲ್ಲಿ ನೆಲದಿಂದ ಎದೆಯೆತ್ತರದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ಪಕ್ಕದಲ್ಲಿದ್ದ ಭಾರತದ ನಕ್ಷೆಯನ್ನು ಎಳೆದರೆ ಗಿಲಾವಿನ ಸಮೇತ ಕೈಗೆ ಬಂತು; ಅರಬ್ಬೀ ಸಮುದ್ರವೆಲ್ಲ ಕಪ್ಪಾಗಿತ್ತು.

ಫೋನ್ ಮಾಡಿದೆ. "ಸಾರ್, ನಾವು ಟೆಸ್ಟ್ ಮಾಡಿದ್ದು ಗಾಳಿಯನ್ನ, ಗೋಡೆಯನ್ನಲ್ಲ" ಎಂಬ ಉತ್ತರ ಬಂತು. ಗೋಡೆಯನ್ನಲ್ಲವಂತೆ! "ಮಲೆನಾಡಲ್ಲಿ ಬೂಷ್ಟು ಮಾಮೂಲಿ ಅಲ್ವಾ ಸಾರ್?" ಎಂದೂ, ಇನ್ನು 40,000 ಕೊಟ್ಟರೆ ಔಷಧಿಯ ಹೊಗೆ ಹಾಕಿಕೊಡುತ್ತೇವೆಂದೂ ಸೇರಿಸಿದರು.

ವರದಿಯನ್ನು ಆಮೇಲೆ ಓದಿದೆ, ಮೊದಲೇ ಓದಬೇಕಿತ್ತು. ಪೆಟ್ಟಿಗೆ ಅಳೆದದ್ದು ಪಿಎಂ 2.5 ಎಂಬ ಸೂಕ್ಷ್ಮ ಧೂಳು ಮತ್ತು ಇಂಗಾಲದ ಡೈಆಕ್ಸೈಡನ್ನು ಮಾತ್ರ. ಬೂಷ್ಟಿನ ಬೀಜಕಣಗಳನ್ನು ಅದು ಎಣಿಸುವುದೇ ಇಲ್ಲ. ಮಕ್ಕಳಿಲ್ಲದ, ಕಿಟಕಿ ತೆರೆದ ಕೊಠಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದಾದರೂ ಹೇಗೆ? ಗಾಳಿಯಲ್ಲಿ ಇಷ್ಟು ಬೂಷ್ಟಿದ್ದರೆ ಸುರಕ್ಷಿತ ಎಂಬ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೂ ಕೊಟ್ಟಿಲ್ಲ, ತೇವವನ್ನೇ ತಡೆಯಿರಿ ಎನ್ನುತ್ತದೆ. ಬೂಷ್ಟು ಕಣ್ಣಿಗೆ ಕಂಡ ಮೇಲೆ ಹೆಚ್ಚಿನ ಸಂದರ್ಭಗಳಲ್ಲಿ ಮಾದರಿ ಪರೀಕ್ಷೆಯೇ ಬೇಕಿಲ್ಲ, ನೆನೆದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಬೇಕು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ.

ತಾರಸಿಯ ನೀರಿಳಿಯುವ ಪೈಪು ಹೊರಗೋಡೆಗೆ ತಾಗಿದಂತೆ ಎದೆಯೆತ್ತರದಲ್ಲಿ ಒಡೆದದ್ದನ್ನು ಊರಿನ ಗಾರೆ ಕೆಲಸದವರು ಅರ್ಧ ಗಂಟೆಯಲ್ಲಿ ತೋರಿಸಿಕೊಟ್ಟರು.

ಯಾರನ್ನಾದರೂ ಕರೆಸುವುದಿದ್ದರೆ, ಏನನ್ನು ಅಳೆಯುತ್ತೀರಿ, ಬೀರುವಿನ ಹಿಂದೆ ನೋಡುತ್ತೀರಾ, ತಾರಸಿ ಹತ್ತುತ್ತೀರಾ ಎಂದು ಬರಹದಲ್ಲಿ ಕೇಳಿ. ಮಕ್ಕಳಿರುವ ದಿನವೇ ಬರಲಿ. ಪೂರ್ತಿ ಮುಂಗಡವನ್ನಂತೂ ಕೊಡಲೇಬೇಡಿ. ಹಣ ವಾಪಸು ಕೇಳಿದ್ದಕ್ಕೆ ನನಗೆ "ಸರ್ವೀಸ್ ಕಂಪ್ಲೀಟ್ ಆಗಿದೆ ಸಾರ್" ಎಂಬ ಸಂದೇಶವೂ ಕೈಮುಗಿದ ಚಿತ್ರವೂ ಬಂದವು, ಆಮೇಲೆ ಅವರು ನನ್ನ ಕರೆಯನ್ನು ಎತ್ತಿಲ್ಲ.