ಕಾಪರ್-ಟಿನಾ, ಹಾರ್ಮೋನ್ ವಂಕಿನಾ?

ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನವೇ ವಂಕಿ. ಮಗು ಆದ ಮೇಲೆ ನಾನು ಮೊದಲು ಹಾಕಿಸಿಕೊಂಡಿದ್ದು ತಾಮ್ರದ ವಂಕಿ, ಕಾಪರ್-ಟಿ. ಅದನ್ನು ತೆಗೆಸಿ ಹಾರ್ಮೋನ್ ಇರುವ ವಂಕಿ, ಅಂದರೆ ಮಿರೇನಾ, ಹಾಕಿಸಿಕೊಂಡೆ. ಬಸಿರು ತಡೆಯುವುದರಲ್ಲಿ ಎರಡೂ ಗಟ್ಟಿ. ಮೈಗೆ ಮಾಡುವ ಕೀಟಲೆ ಮಾತ್ರ ಬೇರೆ ಬೇರೆ.

ಕಾಪರ್-ಟಿ ಕಾಟ ನೇರವಾದದ್ದು. ಅದರಲ್ಲಿ ಹಾರ್ಮೋನ್ ಇಲ್ಲ, ತಾಮ್ರವೇ ವೀರ್ಯಾಣುವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, 380ಎ ಅನ್ನುವ ಬಗೆಯಾದರೆ 10 ವರ್ಷ ಬರುತ್ತದೆ. ಆದರೆ ನನಗೆ ಮುಟ್ಟಿನಲ್ಲಿ ಮೊದಲೇ ರಕ್ತ ಜಾಸ್ತಿ ಹೋಗುತ್ತಿತ್ತು, ಅದು ಇನ್ನೂ ಹೆಚ್ಚಾಯಿತು. ಮಂಡ್ಯದಿಂದ ಮೈಸೂರಿಗೆ ದಿನಾ ಬಸ್ಸಲ್ಲಿ ಓಡಾಡುವವಳು ನಾನು. ಎರಡನೇ ದಿನ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಪ್ಯಾಡ್ ಒದ್ದೆ. ಇಳಿಯುವಾಗ ಸೀಟನ್ನೊಮ್ಮೆ ತಿರುಗಿ ನೋಡದೆ ಹೆಜ್ಜೆ ಇಡುತ್ತಿರಲಿಲ್ಲ. ಹಿಮೋಗ್ಲೋಬಿನ್ ಇಳಿದು ಕಬ್ಬಿಣದ ಮಾತ್ರೆ ನುಂಗಿದ್ದೂ ಆಯಿತು.

ಮಿರೇನಾಗೆ ದುಡ್ಡು ಬೇಕು, ಸಾವಿರಗಳ ಲೆಕ್ಕ. ಒಳಗೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುತ್ತದೆ, ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹೊರಬರುತ್ತದೆ. ಗರ್ಭಕೋಶದ ಒಳಪದರ ತೆಳುವಾಗಿ ರಕ್ತ ಕಮ್ಮಿಯಾಗುತ್ತದೆ. ಮೊದಲ 3ರಿಂದ 6 ತಿಂಗಳು ಆಗಾಗ ರಕ್ತದ ಕಲೆ ಕಾಣಬಹುದು ಅಂತ ಡಾಕ್ಟರ್ ಹೇಳಿದ್ದರು, ಹಾಗೇ ಆಯಿತು. ಹೇಳದೇ ಇದ್ದದ್ದು ಮುಖದ ವಿಷಯ.

ಕಾಲೇಜಿನಲ್ಲೂ ಮೊಡವೆ ಕಾಣದ ನನಗೆ ದವಡೆ ಉದ್ದಕ್ಕೂ ಗುಳ್ಳೆಗಳು. ಮೇಲೆ ತಲೆಯೇ ಕಾಣದು, ಚರ್ಮದ ಕೆಳಗೆ ಗಟ್ಟಿಯಾಗಿ ಕೂತಿರುತ್ತವೆ, ದಿಂಬು ತಾಕಿದರೂ ನೋವು. ಕಡಲೆಹಿಟ್ಟು, ಅರಿಶಿನ ಯಾವುದಕ್ಕೂ ಜಗ್ಗಲಿಲ್ಲ. ಮಿರೇನಾದ ಹಾರ್ಮೋನಿಗೆ ಗಂಡು ಹಾರ್ಮೋನಿನ ಗುಣ ಸ್ವಲ್ಪ ಇದೆ, ಅದಕ್ಕೇ ಹೀಗೆ ಅಂತ ಗೊತ್ತಾಗಿದ್ದು ಚರ್ಮದ ಡಾಕ್ಟರ್ ಹತ್ತಿರ ಹೋದಾಗ.

ಆಮೇಲೆ ಮುಟ್ಟೇ ನಿಂತಿತು. ಖುಷಿಪಡೋಣ ಅಂದರೆ ತಿಂಗಳಿಗೊಮ್ಮೆ ಎದೆ ನೋವು, ಹೊಟ್ಟೆ ಉಬ್ಬರ, ಸಿಡುಕು ಮಾತ್ರ ತಪ್ಪದೆ ಹಾಜರು. ವಾಲಗ ನಿಂತರೂ ಮದುವೆಮನೆ ಗಲಾಟೆ ನಿಲ್ಲದ ಹಾಗೆ. ಕಾರಣ ಇದೆ: ಈ ವಂಕಿ ಇದ್ದರೂ ಹೆಚ್ಚಿನವರಲ್ಲಿ ಅಂಡಾಶಯ ತನ್ನ ಕೆಲಸ ನಿಲ್ಲಿಸುವುದಿಲ್ಲ. ಒಮ್ಮೆ ಸ್ಕ್ಯಾನಿನಲ್ಲಿ ಅಂಡಾಶಯದ ಮೇಲೆ ನೀರುಗುಳ್ಳೆ ಕಂಡು ಗಾಬರಿಯಾಗಿದ್ದೆ. ಇಂಥವು ಬಹುಪಾಲು ತಾವೇ ಕರಗುತ್ತವಂತೆ, ನನ್ನದೂ ಕರಗಿತು. ಅತ್ತೆಗೆ ಮಾತ್ರ ಕೆಟ್ಟ ರಕ್ತ ಒಳಗೇ ನಿಂತಿದೆ ಅನ್ನೋ ಚಿಂತೆ. ಒಳಪದರವೇ ಬೆಳೆಯದಿದ್ದರೆ ನಿಲ್ಲೋದಕ್ಕೆ ಏನಿದೆ, ಅಲ್ವಾ?

ನನ್ನ ಓಟು ಮಿರೇನಾಗೆ. ಮೊಡವೆಗೆ ಕ್ರೀಮ್ ಇದೆ, ಆ ಬಸ್ ಸೀಟಿನ ಭಯಕ್ಕೆ ಏನೂ ಇರಲಿಲ್ಲ. ಯಾವುದೇ ಹಾಕಿಸಿಕೊಂಡರೂ ಜ್ವರ ಬಂದರೆ, ತಡೆಯಲಾರದ ಹೊಟ್ಟೆನೋವು ಬಂದರೆ, ವಂಕಿಗೆ ಕಟ್ಟಿರುವ ದಾರ ಕೈಗೆ ಸಿಗದಿದ್ದರೆ ಸುಮ್ನೆ ಕೂರದೆ ಡಾಕ್ಟರಿಗೆ ತೋರಿಸಬೇಕು. ತಂಗಿ ಕೇಳಿದಾಗ ನಾನು ಹೇಳಿದ್ದು ಕಾಪರ್-ಟಿ. ಅವಳಿಗೆ ಹೋಗುವುದೇ ಕಮ್ಮಿ, ಮುಟ್ಟು ಒಂದು ದಿನ ತಡವಾದರೂ ರಾತ್ರಿಯಿಡೀ ನಿದ್ದೆ ಮಾಡುವವಳಲ್ಲ.