ಬೆಟ್ಟದೆದುರಿನ ಅಂಗಳದಲ್ಲಿ ಮೂರು ಟಿವಿಗಳು

ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಈ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಒಳಗೊಂದು ಸಾಧಾರಣ ಹಾಲ್ ಇದ್ದರೂ, ಜನ ಬರುವುದು ಅದರ ಹೊರಗಿನ ಅಂಗಳಕ್ಕಾಗಿ. ಸಿಲ್ವರ್ ಮರಗಳ ನಡುವೆ ಹಾಕಿರುವ ಮೇಜುಗಳು, ಮಳೆ ಬಂದರೆ ಎದ್ದು ಓಡಲು ಹಂಚಿನ ಮಾಡಿನ ಚಪ್ಪರಗಳು, ಬೇಲಿಯಾಚೆ ಉತ್ತರಕ್ಕೆ ಚಂದ್ರದ್ರೋಣ ಪರ್ವತ ಶ್ರೇಣಿ. ಮಂಜಿಲ್ಲದ ಸಂಜೆಗಳಲ್ಲಿ 1,900 ಮೀಟರಿಗೂ ಮಿಕ್ಕಿ ಎತ್ತರವಿರುವ ಮುಳ್ಳಯ್ಯನಗಿರಿಯ ದಿಕ್ಕಿಗೆ ಮುಖಮಾಡಿ ಕುಳಿತು ಊಟ ಮಾಡಬಹುದಾದ ಇಂಥ ಜಾಗಗಳು ಊರಿಗೆ ಇಷ್ಟು ಹತ್ತಿರದಲ್ಲಿ ಹೆಚ್ಚಿಲ್ಲ. ಹಾಗಿರುವಾಗ ಈ ಅಂಗಳಕ್ಕೆ ಮೂರು ಟಿವಿಗಳನ್ನು ತಂದು ನಿಲ್ಲಿಸಿದ್ದರಿಂದ ಏನು ಸಿಕ್ಕಿತು, ಏನು ಹೋಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿದೆ.

ಊಟದ ವಿಷಯದಲ್ಲಿ ಹೆಚ್ಚು ತಕರಾರಿಲ್ಲ. ಅಕ್ಕಿ ರೊಟ್ಟಿ ತೆಳುವಾಗಿ, ಅಂಚು ಗರಿಗರಿಯಾಗಿ ಬರುತ್ತದೆ. ಕೋಳಿ ಸಾರಿನಲ್ಲಿ ಕಾಳುಮೆಣಸು ಧಾರಾಳವಾಗಿದೆ. ಕಡುಬಿಗೆ ಕೊಡುವ ಕಾಯಿ ಚಟ್ನಿಯನ್ನು ಎರಡನೆಯ ಸಲ ಕೇಳಿದರೂ ಮುಖ ಸಿಂಡರಿಸದೆ ತಂದಿಡುತ್ತಾರೆ. ಗೋಬಿ ಮಂಚೂರಿ, ನೂಡಲ್ಸ್ ಇವುಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಕಾಫಿಯ ಬಗ್ಗೆ ಮಾತ್ರ ಒಂದು ಮಾತು: ಸುತ್ತಲೂ ತೋಟಗಳಿರುವ ಊರಿನಲ್ಲಿ ಲೋಟದೊಳಗೆ ಚಿಕೋರಿ ಇಷ್ಟೊಂದು ಮುಂದಾಗಬಾರದಿತ್ತು.

ಇನ್ನು ಟಿವಿಗಳು. ಅವುಗಳಲ್ಲಿ ದೊಡ್ಡದನ್ನು ಕಟ್ಟಡದ ಪಶ್ಚಿಮದ ಗೋಡೆಗೆ ಬಡಿದಿದ್ದಾರೆ. ಎರಡನೆಯದು ಉತ್ತರದ ಬೇಲಿಯ ಪಕ್ಕದಲ್ಲಿ ಒಂದು ಕಂಬದ ಮೇಲೆ, ಗಾಜಿನ ಪೆಟ್ಟಿಗೆಯೊಳಗಿದೆ. ಮೂರನೆಯದು ಬಿಲ್ ಕೌಂಟರಿನ ಮೇಲಿದ್ದು, ಅದನ್ನು ಮುಖ್ಯವಾಗಿ ನೋಡುವವರು ಸಪ್ಲೈಯರ್‌ಗಳು; ಎರಡು ಸಲ ಕೂಗಿದ ಮೇಲೆ ನೀರು ಬರುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಗೋಡೆಯ ಮೇಲಿನ ಟಿವಿ ಸಂಜೆ ಆರೂವರೆಯವರೆಗೆ ಇದ್ದೂ ಇಲ್ಲದಂತೆ. ಮನೆಯೊಳಗಿನ ಬಳಕೆಗೆಂದು ತಯಾರಾಗುವ ಸಾಧಾರಣ ಟಿವಿಗಳ ಪ್ರಕಾಶ, ಅದನ್ನು ಅಳೆಯುವ ನಿಟ್ ಎಂಬ ಮಾನದಲ್ಲಿ ಹೇಳುವುದಾದರೆ, 250ರಿಂದ 400 ನಿಟ್‌ಗಳ ಆಸುಪಾಸಿನಲ್ಲಿರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಚಿತ್ರ ಕಾಣಬೇಕಾದರೆ 1,000 ನಿಟ್‌ಗಿಂತ ಕಡಿಮೆಯಾದರೆ ಸಾಲದು. ಹೊರಾಂಗಣಕ್ಕೆಂದೇ ತಯಾರಿಸಿದ ಪರದೆಗಳಲ್ಲಿ ಈ ಪ್ರಕಾಶದ ಜೊತೆಗೆ ಧೂಳು ಮತ್ತು ನೀರನ್ನು ತಡೆಯುವ ಐಪಿ55ರಂಥ ಶ್ರೇಣಿಯೂ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಹಲವು ಪಟ್ಟು. ಇಲ್ಲಿರುವುದು ಮನೆಯ ಟಿವಿಯೇ ಎಂಬುದು ನೋಡಿದರೆ ತಿಳಿಯುತ್ತದೆ. ಪಡುವಣದ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಾಗ ಕಾಣುವುದು ಎದುರಿನ ಮೇಜುಗಳ ಪ್ರತಿಬಿಂಬ ಮತ್ತು ಮಧ್ಯೆ ಎಲ್ಲೋ ಓಡುವ ಒಂದು ನೆರಳು. ಐಪಿಎಲ್‌ನಲ್ಲಿ ಎರಡು ಪಂದ್ಯಗಳಿರುವ ದಿನ ಮೊದಲನೆಯದು ಮಧ್ಯಾಹ್ನ ಮೂರೂವರೆಗೆ ಆರಂಭವಾಗುವುದರಿಂದ, ಆ ಪಂದ್ಯವನ್ನು ಇಲ್ಲಿ ನೋಡಲು ಬಂದವರು ವಾಸ್ತವದಲ್ಲಿ ಅದನ್ನು ಕೇಳಿಸಿಕೊಂಡು ಹೋಗುತ್ತಾರೆ.

ಕಂಬದ ಮೇಲಿನ ಟಿವಿಗೆ ಬಿಸಿಲಿನ ತೊಂದರೆ ಕಡಿಮೆ, ಆದರೆ ಅದನ್ನು ನಿಲ್ಲಿಸಿದ ಜಾಗವೇ ಸರಿಯಿಲ್ಲ. ಅಂಗಳದ ಯಾವ ಮೇಜಿನಲ್ಲಿ ಕುಳಿತು ಬೆಟ್ಟವನ್ನು ನೋಡಿದರೂ ಆ ಪರದೆ ಕಣ್ಣಿಗೆ ಅಡ್ಡ ಬರುತ್ತದೆ, ಮತ್ತು ಚಲಿಸುವ, ಹೊಳೆಯುವ ವಸ್ತುವೊಂದು ಎದುರಿಗಿದ್ದಾಗ ಬೇಡವೆಂದರೂ ಕಣ್ಣು ಅತ್ತಲೇ ಹೋಗುತ್ತದೆ. ಪಂದ್ಯವಿಲ್ಲದ ದಿನಗಳಲ್ಲಿ ಅದರಲ್ಲಿ ಸುದ್ದಿವಾಹಿನಿ ಓಡುತ್ತಿರುತ್ತದೆ. ಒಂದೇ ಸುದ್ದಿ, ಒಂದೇ ಕೆಂಪು ಪಟ್ಟಿ, ಅದೇ ಡಬಡಬ ಸಂಗೀತ. ಊಟದ ಮಧ್ಯೆ ಅಪಘಾತದ ದೃಶ್ಯವನ್ನು ನಾಲ್ಕು ಸಲ ನೋಡುವುದು ಯಾರಿಗೂ ರುಚಿಸುವ ಸಂಗತಿಯಲ್ಲ. ಧ್ವನಿಯನ್ನಾದರೂ ತಗ್ಗಿಸಬಹುದೇ ಎಂದು ಕೇಳಿದರೆ ಬರುವ ಉತ್ತರ, "ರಿಮೋಟ್ ಓನರ್ ಹತ್ರ ಇದೆ ಸಾರ್" ಎಂಬುದು. ಓನರ್ ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ.

ಈ ಅಂಗಳದಲ್ಲಿ ಟಿವಿ ಇಲ್ಲದಿದ್ದರೆ ಜನ ಏನು ಮಾಡುತ್ತಿದ್ದರು ಎಂಬುದಕ್ಕೆ ಊಹೆ ಬೇಕಿಲ್ಲ, ಕರೆಂಟ್ ಹೋದಾಗ ಅದು ಕಣ್ಣೆದುರೇ ಕಾಣುತ್ತದೆ. ಜನರೇಟರ್ ದೀಪಗಳಿಗಷ್ಟೇ ಸಾಲುವುದರಿಂದ ಮೂರೂ ಪರದೆಗಳು ಆರುತ್ತವೆ, ಮತ್ತು ಪಕ್ಕದ ಮೇಜಿನವರ ಪರಿಚಯ ಆಗಲೇ ಆಗುವುದು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳೆಗಾರರು ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ. ಒಂದು ಇಂಚು ಮಳೆಗೆ ನೂರು ಸೆಂಟ್ ಎಂಬ ಲೆಕ್ಕದಲ್ಲಿ "ನಿಮ್ಮ ಕಡೆ ಎಷ್ಟು ಸೆಂಟ್ ಬಿತ್ತು ಗೌಡ್ರೇ?" ಎಂದು ಒಂದು ಮೇಜಿನವರು ಕೇಳಿದರೆ, ಆಲ್ದೂರಿನಲ್ಲಿ ಬಿದ್ದದ್ದು, ಮೂಡಿಗೆರೆಯಲ್ಲಿ ಬೀಳದೇ ಹೋದದ್ದು, ಐವತ್ತು ಕೆಜಿ ಮೂಟೆಯ ಇಂದಿನ ಧಾರಣೆ, ಆಳುಗಳು ಸಿಗದ ಕಷ್ಟ ಎಲ್ಲವೂ ಮೇಜಿನಿಂದ ಮೇಜಿಗೆ ದಾಟುತ್ತವೆ. ತೋಟವಿಲ್ಲದ ನನ್ನಂಥವನಿಗೂ ಆ ಮಾತು ಕೇಳುತ್ತಾ ರೊಟ್ಟಿ ತಿನ್ನುವುದು ಹಿತವಾಗಿರುತ್ತದೆ. ಕರೆಂಟ್ ಬಂದ ಕೂಡಲೇ ವಾರ್ತಾವಾಚಕರ ಗಂಟಲು ಮೇಲೇಳುತ್ತದೆ. ಗೌಡರು ಮಾತು ನಿಲ್ಲಿಸಿ ಪರದೆಯ ಕಡೆ ತಿರುಗುತ್ತಾರೆ.

ಹಾಗೆಂದು ಟಿವಿಯೇ ಬೇಡವೆಂಬ ವಾದ ನನ್ನದಲ್ಲ. ಬೆಂಗಳೂರು ತಂಡದ ಪಂದ್ಯವಿರುವ ರಾತ್ರಿ ಈ ಅಂಗಳಕ್ಕೆ ಬೇರೆಯದೇ ಕಳೆ. 2008ರಲ್ಲಿ ಆರಂಭವಾದ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದ್ದು 2025ರ ಜೂನ್ 3ರಂದು. ಅಷ್ಟು ವರ್ಷ ಸೋಲನ್ನು ಒಟ್ಟಿಗೆ ನೋಡಿದವರಿಗೆ ಗೆಲುವನ್ನೂ ಒಟ್ಟಿಗೆ ನೋಡುವ ಆಸೆ ಇರುವುದು ಸಹಜ. ಮನೆಯ ಟಿವಿಯಲ್ಲಿ ಸಿಗದ ಸುಖ ಇದು, ಮತ್ತು ಅದಕ್ಕೆ ಮೇಲ್ಛಾವಣಿಯಿಲ್ಲದ ಜಾಗವೇ ಸರಿ. ಅಂಥ ದಿನ ಯಾರೂ ಬೆಟ್ಟ ನೋಡಲು ಬಂದಿರುವುದಿಲ್ಲ.

ಆದರೆ ಆ ರಾತ್ರಿಗಳಲ್ಲೂ ಇಲ್ಲೊಂದು ವಿಚಿತ್ರ ತೊಡಕಿದೆ. ಗೋಡೆಯ ಟಿವಿ ಡಿಟಿಎಚ್‌ನಲ್ಲಿ ಓಡುತ್ತದೆ, ಕಂಬದ ಟಿವಿ ಇಂಟರ್ನೆಟ್ ಮೂಲಕ ಆ್ಯಪ್‌ನಲ್ಲಿ. ಇಂಟರ್ನೆಟ್ಟಿನಲ್ಲಿ ಬರುವ ನೇರಪ್ರಸಾರವನ್ನು ತುಣುಕು ತುಣುಕಾಗಿ ಸಿದ್ಧಪಡಿಸಿ ಕಳಿಸುವುದರಿಂದ, ಮತ್ತು ಟಿವಿಯು ಕೆಲವು ತುಣುಕುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡೇ ತೋರಿಸುವುದರಿಂದ, ಅದು ಸಾಮಾನ್ಯವಾಗಿ ಡಿಟಿಎಚ್‌ಗಿಂತ ಹಿಂದೆ ಬೀಳುತ್ತದೆ. ಇಲ್ಲಿ ಆ ಅಂತರ ಹೆಚ್ಚುಕಡಿಮೆ ಒಂದು ಎಸೆತದಷ್ಟು. ಗೋಡೆಯ ಕಡೆಯವರು ಹೋ ಎಂದು ಎದ್ದು ನಿಂತಾಗ ಕಂಬದ ಕಡೆಯವರ ಪರದೆಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ. ಸಿಕ್ಸರೋ ವಿಕೆಟ್ಟೋ ಎಂಬುದನ್ನು ಕೂಗಿನ ಧಾಟಿಯಿಂದಲೇ ತಿಳಿದುಕೊಂಡು, ಆಮೇಲೆ ಚಿತ್ರವನ್ನು ಕಾಯುವುದು ಅವರ ಪಾಡು. ಎರಡನ್ನೂ ಒಂದೇ ಸೆಟ್‌ಟಾಪ್ ಬಾಕ್ಸಿಗೆ ಜೋಡಿಸಿದರೆ ಮುಗಿಯುವ ಕೆಲಸ ಇದು. ಇಷ್ಟು ದಿನ ಯಾರಿಗೂ ಹೊಳೆಯದಿರುವುದು ಆಶ್ಚರ್ಯ.

ಧ್ವನಿಯ ವಿಷಯದಲ್ಲಿ ಸುತ್ತಲಿನ ಮನೆಗಳವರನ್ನೂ ನೆನೆಯಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಣಿಜ್ಯ ಪ್ರದೇಶದಲ್ಲಿ ಮಿತಿ 55 ಡೆಸಿಬಲ್, ವಸತಿ ಪ್ರದೇಶದಲ್ಲಿ 45. ಏಳೂವರೆಗೆ ಆರಂಭವಾದ ಪಂದ್ಯದ ಕೊನೆಯ ಓವರ್‌ಗಳು ಬರುವುದೇ ಹತ್ತರ ನಂತರ, ಹೊರಗಿನ ಸ್ಪೀಕರ್ ಆಗಲೇ ಅತ್ಯಂತ ಜೋರು. ಚಳಿಯ ಊರಿನಲ್ಲಿ ರಾತ್ರಿಯ ಸದ್ದು ಬಹಳ ದೂರ ಹೋಗುತ್ತದೆ. ಜನರ ಕೂಗಾಟವೇ ಸಾಲುವಷ್ಟಿರುವಾಗ ಸ್ಪೀಕರನ್ನು ಹತ್ತಕ್ಕೆ ಆರಿಸಿದರೆ ಆಟದ ಸ್ವಾರಸ್ಯವೇನೂ ಕೆಡುವುದಿಲ್ಲ.

ಹೋಟೆಲಿನವರು ನನ್ನನ್ನು ಕೇಳಿದರೆ, ಕಂಬದ ಟಿವಿಯನ್ನು ಅಲ್ಲಿಂದ ಕಿತ್ತು ಪೂರ್ವದ ಚಪ್ಪರದ ಮಾಡಿನಡಿಗೆ ಹಾಕಿ ಎನ್ನುತ್ತೇನೆ. ನೆರಳಿರುವುದರಿಂದ ಚಿತ್ರ ಕಾಣುತ್ತದೆ, ಜೂನ್‌ನಲ್ಲಿ ಮಳೆಗಾಲ ಹಿಡಿದ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಈಗಿನಂತೆ ಹಬೆ ಕಟ್ಟುವುದೂ ತಪ್ಪುತ್ತದೆ, ಪಂದ್ಯ ಬೇಕಾದವರು ಅಲ್ಲಿ ಸೇರುತ್ತಾರೆ. ಪಂದ್ಯವಿಲ್ಲದ ದಿನ ಟಿವಿ ಹಾಕಲೇಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು.

ಸದ್ಯಕ್ಕೆ ಹೋಗುವವರಿಗೆ: ಪಶ್ಚಿಮದ ತುದಿಯಲ್ಲಿ ಹಲಸಿನ ಮರದ ಕೆಳಗಿರುವ ಎರಡು ಮೇಜುಗಳಿಗೆ ಟಿವಿಯ ಸದ್ದು ಕಡಿಮೆ, ಕಂಬಕ್ಕೆ ಬೆನ್ನು ಹಾಕಿಯೂ ಕೂರಬಹುದು. ಶನಿವಾರ, ಭಾನುವಾರ ಗಿರಿಯಿಂದ ಇಳಿದು ಬರುವ ಪ್ರವಾಸಿಗಳ ವಾಹನಗಳಿಂದ ಪಾರ್ಕಿಂಗ್ ತುಂಬಿರುತ್ತದೆ; ವಾರದ ದಿನಗಳಲ್ಲಿ ಸಂಜೆ ಆರರೊಳಗೆ ಹೋದರೆ ಆ ಮೇಜುಗಳು ಸಿಗುತ್ತವೆ. ಕಡುಬು ಎಂಟರ ಹೊತ್ತಿಗೆ ಮುಗಿಯುವುದರಿಂದ ಕುಳಿತ ಕೂಡಲೇ ಹೇಳಿಬಿಡಿ.